ತಾಮ್ರಿ ಓಡುವುದಿಲ್ಲ

ದೌಂಡ
೯ ಜೂನ್ ೨೦೨೪

ಅಪೇಕ್ಷಾ,

ಆಶೀರ್ವಾದಗಳು ಎಂದು ಶುರು ಮಾಡಬೇಕಿತ್ತು. ನನ್ನ ಆಶೀರ್ವಾದವನ್ನು ನೀನು ಕಾಯುತ್ತ ಕೂತಿರಲಾರೆ ಎಂದು ಹೆಸರಷ್ಟೇ ಬರೆದಿದ್ದೇನೆ. ನಾನು ಪಂಕಜಾಕ್ಷಿ, ನಿನ್ನ ಅಮ್ಮ. ಇಪ್ಪತ್ತೆರಡು ವರ್ಷದ ಮೇಲೆ ಬರೆಯುತ್ತಿದ್ದೇನೆ.

ನಾನಿಲ್ಲಿ ರೈಲ್ವೆಯವರಿಗಾಗಿ ಒಂದು ಮೆಸ್ ನಡೆಸುತ್ತೇನೆ. ಊಟಕ್ಕೆ ಬರುವ ಭೀಮು ಎಂಬ ಅಸಿಸ್ಟೆಂಟ್ ಲೋಕೋಪೈಲಟ್ ಮೊನ್ನೆ ಮರಾಠಿ ಪೇಪರೊಂದನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದ. ಅದರಲ್ಲೊಂದು ಪ್ರಾಣಿಯ ಚಿತ್ರ. ಮೈ ಜಿಂಕೆಯದು, ಮುಖ ಬೆಕ್ಕಿನದು, ಬಣ್ಣ ತೊಳೆದಿಟ್ಟ ತಾಮ್ರದ ಹಂಡೆಯದು. "ಅಕ್ಕಾರ, ಇದರ ಹೆಸರು ತಾಮ್ರೀರಿ. ಮೊಬೈಲ್ ಆಟದಾಗ ಬರ್ತದ. ಯಾರ ಕೈಗೂ ಸಿಗಂಗಿಲ್ಲರಿ," ಎಂದ. ಕೆಳಗೆ, ಇದನ್ನು ರೂಪಿಸಿದವರು ಪುಣೆಯ ಯೆರವಡಾದ ಕಂಪನಿಯೊಂದರ ಅಪೇಕ್ಷಾ ಮೋಹನದಾಸ್ ಎಂದಿತ್ತು. ನಿನ್ನ ಫೋಟೋ ಇರಲಿಲ್ಲ. ಕಂಪನಿಯ ವಿಳಾಸ ಭೀಮುವೇ ಹುಡುಕಿಕೊಟ್ಟ.

ಆ ಪ್ರಾಣಿಯ ಎಡಕಿವಿ ಕೆಳಗಿನವರೆಗೆ ಹರಿದಿದೆ. ಅದನ್ನು ನೋಡಿ ನಾನು ನನ್ನ ಕಿವಿ ಮುಟ್ಟಿಕೊಂಡೆ. ನನ್ನದು ಹರಿದದ್ದು ನಿನ್ನಿಂದ, ಗೊತ್ತೋ ಇಲ್ಲವೋ. ನೀನು ಹಾಲು ಕುಡಿಯುವ ಮಗು. ಬೆಂಡೋಲೆ ಹಿಡಿದು ಜಗ್ಗಿದೆ. ನೀನು ನಕ್ಕೆ, ನಾನು ಅತ್ತೆ.

ಏನನ್ನೂ ಕೇಳಲು ಬರೆದದ್ದಲ್ಲ. ಇಲ್ಲಿ ನನ್ನ ಜೊತೆಗಿರುವ ಸಿದ್ದಲಿಂಗಪ್ಪನವರು, "ಬರಿಯೂದಾದ್ರ ಬರಿ. ಖರೆ, ಆಕಿ ಉತ್ತರಾ ಬರೀತಾಳಂತ ಕಾಯ್ಕೊಂತ ಕುಂದರಬ್ಯಾಡ," ಎಂದಿದ್ದಾರೆ. ಕಾಯುವುದಿಲ್ಲ.

ಅಮ್ಮ


ಪುಣೆ
೧೪ ಜುಲೈ ೨೦೨೪

ಪಂಕಜಾಕ್ಷಿಯವರಿಗೆ,

ಪತ್ರ ತಲುಪಿತು. ಆಫೀಸಿಗೆ ಯಾರೂ ಪತ್ರ ಬರೆಯುವುದಿಲ್ಲ. ನಿಮ್ಮ ಲಕೋಟೆಯನ್ನು ರಿಸೆಪ್ಷನ್ನಿನಲ್ಲಿ ನಾಲ್ಕು ಜನ ಕೈಯಿಂದ ಕೈಗೆ ದಾಟಿಸಿ ನೋಡಿದರು.

ತಾಮ್ರಿ ನೀವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಾಣಿಗಳನ್ನು ಹುಟ್ಟಿಸುವುದು ನನ್ನ ಕೆಲಸ. ನಮ್ಮ ಆಟದಲ್ಲಿ ಜನ ಕಾಡು ಸುತ್ತಿ ಪ್ರಾಣಿಗಳನ್ನು ಬಲೆ ಹಾಕಿ ಹಿಡಿಯುತ್ತಾರೆ, ಪಳಗಿಸುತ್ತಾರೆ, ಒಂದನ್ನೊಂದು ಕಾಳಗಕ್ಕೆ ಬಿಡುತ್ತಾರೆ. ಹೆಚ್ಚಿನವು ಹಾದಿಬದಿಯಲ್ಲೇ ಸಿಗುತ್ತವೆ. ಕೆಲವು ಮಾತ್ರ ಅಪರೂಪ, ಮಹಾ ಬಲಶಾಲಿ. ಅಂಥದ್ದನ್ನು ಮಾಡಲು ರೀತಿಯಿದೆ. ಕಣ್ಣಿಗೆ ಬೀಳುವ ಮೊದಲೇ ಅದರ ಸುದ್ದಿ ಹಬ್ಬಬೇಕು: ಮುರಿದ ಬೇಲಿ, ಹೆಜ್ಜೆಗುರುತು, ಊರವರ ಪಿಸುಮಾತು. ನೆರಳು ನೋಡಿದರೂ ಇದು ಅದೇ ಎಂದು ಗೊತ್ತಾಗಬೇಕು. ಮೈಯಲ್ಲಿ ಎಲ್ಲೋ ಒಂದು ಊನ ಇರಬೇಕು. ಎರಡೂ ಬದಿ ಒಂದೇ ಸಮ ಇರುವ ಮುಖವನ್ನು ಯಾರೂ ನೆನಪಿಡುವುದಿಲ್ಲ. ಕಿವಿ ಹರಿದದ್ದು ಅದಕ್ಕೆ. ಅಷ್ಟಕ್ಕೇ.

ತಾಮ್ರಿಯ ಒಂದೇ ಏಟಿಗೆ ಯಾವ ಪ್ರಾಣಿಯಾದರೂ ಉರುಳುತ್ತದೆ. ಆದರೆ ಅದು ಕಾದಾಡಲು ನಿಲ್ಲುವುದೇ ಇಲ್ಲ. ಆಟಗಾರ ಎದುರಾದ ಕೂಡಲೇ ಓಡಿಹೋಗುತ್ತದೆ, ತನ್ನ ಮರಿಯನ್ನು ಅಲ್ಲೇ ಬಿಟ್ಟು. ಮರಿ ಸುಲಭಕ್ಕೆ ಸಿಗುತ್ತದೆ. ಅದರಿಂದ ಏನೂ ಪ್ರಯೋಜನವಿಲ್ಲ.

ಫೋನ್ ನಂಬರ್ ಕೊಡುವುದಿಲ್ಲ. ನಿಮ್ಮ ದನಿ ನನಗೆ ಮರೆತಿದೆ, ಅದು ಹಾಗೇ ಇರಲಿ. ಅಪ್ಪನಿಗೆ ಈ ಪತ್ರದ ವಿಷಯ ಹೇಳಿಲ್ಲ. ರಾಸ್ತಾಪೇಟೆಯ ಹೋಟೆಲನ್ನು ಈಗ ಅಣ್ಣ ಸುಹಾಸ ನೋಡಿಕೊಳ್ಳುತ್ತಾನೆ. ಅಪ್ಪ ಗಲ್ಲಾದ ಮೇಲೆ ಕೂರುತ್ತಾರೆ ಅಷ್ಟೆ.

ಅಪೇಕ್ಷಾ ಮೋಹನದಾಸ್


ದೌಂಡ
೨೫ ಆಗಸ್ಟ್ ೨೦೨೪

ಅಪೇಕ್ಷಾ,

ನೀವು, ನಿಮ್ಮ ಎಂದು ಬರೆದಿದ್ದಿ. ನಿನ್ನ ಅಣ್ಣನೂ ನೀನೂ ನನ್ನನ್ನು "ನೀ ಬಾ, ನೀ ಕೊಡು" ಎಂದೇ ಕರೆಯುತ್ತಿದ್ದದ್ದು. ಇರಲಿ. ಹೊರಗಿನವರಿಗೆ ಮರ್ಯಾದೆ ಕೊಡುವುದನ್ನು ನಿನ್ನ ಅಪ್ಪ ಚೆನ್ನಾಗಿ ಕಲಿಸಿದ್ದಾರೆ.

ನಿನ್ನ ಆಟವನ್ನು ಭೀಮು ನನ್ನ ಮೊಬೈಲಿಗೆ ಹಾಕಿಕೊಟ್ಟ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಆಡುತ್ತೇನೆ. ಹಾವು, ಆಮೆ, ರೆಕ್ಕೆಯ ಮೊಲ, ಏನೇನೋ ಹಿಡಿದೆ. ನಿನ್ನೆ ಬಿದಿರ ಮೆಳೆಯ ಹತ್ತಿರ ತಾಮ್ರಿ ಬಂತು. ಸಿದ್ದಲಿಂಗಪ್ಪನವರೂ ಬಗ್ಗಿ ನೋಡಿದರು. ಎದುರು ನಿಂತದ್ದೇ ಬಾಲವನ್ನು ಕಾಲಸಂದಿಗೆ ಮುದುರಿಕೊಂಡು ಓಡಿತು. ಮರಿ ಅಲ್ಲೇ ಕೂತು ನನ್ನನ್ನು ನೋಡಿತು. ನಾನು ಮರಿಯನ್ನು ಹಿಡಿಯಲಿಲ್ಲ.

ಅಪೇಕ್ಷಾ, ನೀನು ಅದನ್ನು ತಪ್ಪು ಮಾಡಿದ್ದಿ. ಒಂದೇ ಏಟಿಗೆ ಎಲ್ಲವನ್ನೂ ಉರುಳಿಸುವ ಪ್ರಾಣಿ ಯಾಕೆ ಬಾಲ ಮುದುರಬೇಕು? ಅದಕ್ಕೆ ಯಾರ ಹೆದರಿಕೆ? ನಿನ್ನ ಕೆಲಸ ನನಗೆ ಗೊತ್ತಿಲ್ಲ; ಹೋಗುವುದು ಹೇಗೆಂದು ಗೊತ್ತಿದೆ.

ನಾನು ಓಡಿಹೋದೆ ಎಂದು ನಿನಗೆ ಹೇಳಿರಬೇಕು. ಹೋದದ್ದು ನಡುಮಧ್ಯಾಹ್ನ, ಊಟದ ಗಿರಾಕಿಗಳು ತುಂಬಿದ್ದ ಹೊತ್ತಿಗೆ. ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಗಲ್ಲಾದ ಎದುರು ನಿಂತು ನಮ್ಮೂರ ಮಾತಿನಲ್ಲೇ "ನಾನು ಹೋತೆ" ಎಂದೆ. ನಿನ್ನ ಅಪ್ಪ ಯಾರಿಗೋ ಚಿಲ್ಲರೆ ಎಣಿಸುತ್ತಿದ್ದರು. ತಲೆ ಎತ್ತದೆ "ಹೋಗ್" ಎಂದರು. ಪೇಟೆಗೆ ಎಂದುಕೊಂಡರೋ, ತಿಳಿದೇ ಹೇಳಿದರೋ, ನಾನು ಕೇಳಲಿಲ್ಲ. ಅವರು ಕೈ ಎತ್ತಿದವರಲ್ಲ, ಕುಡಿದವರಲ್ಲ. ಆ ಅಡುಗೆಮನೆಯಲ್ಲಿ ನಾನಿದ್ದೇನೆ ಎನ್ನುವುದು ಮಾತ್ರ ಅವರಿಗೆ ಮರೆತುಹೋಗಿತ್ತು. ಸಿದ್ದಲಿಂಗಪ್ಪ ಗೂಡ್ಸ್ ಗಾರ್ಡ್ ಆಗಿ ಪುಣೆಗೆ ಬಂದಾಗಲೆಲ್ಲ ನಮ್ಮಲ್ಲಿ ಉಣ್ಣುತ್ತಿದ್ದರು. ಒಂದು ದಿನ ಅಡುಗೆಮನೆಯ ಕಿಂಡಿಗೆ ಬಂದು, "ಸಾರಿಗೆ ಉಪ್ಪು ಜಾಸ್ತಿ ಆಗೇದರಿ ಅಮ್ಮಾರ" ಎಂದರು. ಅಷ್ಟು ವರ್ಷದಲ್ಲಿ ಕಿಂಡಿಯೊಳಗೆ ತಲೆ ಹಾಕಿ ನನ್ನ ಜೊತೆ ಮಾತಾಡಿದವರು ಅವರೊಬ್ಬರೇ.

ಹೋದ ಮೂರನೆಯ ದಿನ ನಿನ್ನ ಶಾಲೆಯ ಗೇಟಿಗೆ ಬಂದಿದ್ದೆ. "ನನ್ನ ಜೊತೆ ಬರ್ತಿಯಾ?" ಎಂದು ಕೇಳಿದೆ. "ಶನಿವಾರ ಚಿತ್ರದ ಸ್ಪರ್ಧೆ ಇದೆ" ಎಂದೆ ನೀನು. ಮರೆತಿದ್ದರೆ ನೆನಪು ಮಾಡಿಕೋ.

ಅಮ್ಮ


ಪುಣೆ
೨೨ ಸೆಪ್ಟೆಂಬರ್ ೨೦೨೪

ಪಂಕಜಾಕ್ಷಿಯವರಿಗೆ,

ನೀವು ಕೇಳಲಿಲ್ಲ. ಶಾಲೆಯ ಗೇಟಿಗೆ ನೀವು ಬರಲೇ ಇಲ್ಲ. ಬಂದಿದ್ದರೆ ನನಗೆ ನೆನಪಿರುತ್ತಿತ್ತು. ಒಂಬತ್ತು ವರ್ಷದ ಮಗು ಅಂಥದ್ದನ್ನು ಮರೆಯುವುದಿಲ್ಲ.

ನನಗೆ ನೆನಪಿರುವುದು ಬೇರೆ. ನೀವು ಹೋದ ಮರುದಿನದಿಂದ ಅಪ್ಪ ನನಗೆ ಜಡೆ ಹಾಕುತ್ತಿದ್ದರು. ಕೈಯೆಲ್ಲ ವಡೆಯ ಎಣ್ಣೆ ವಾಸನೆ. ಜಡೆ ಒಂದು ದಪ್ಪ, ಒಂದು ಸಣ್ಣ. ತರಗತಿಯಲ್ಲಿ ಭಾಮಾ ಎನ್ನುವವಳು "ನಿನ್ನ ಅಮ್ಮ ಗಾರ್ಡ್ ಡಬ್ಬಿಯಲ್ಲಿ ಕೂತು ಹೋದಳಂತೆ ಹೌದಾ?" ಎಂದು ಎಲ್ಲರ ಎದುರಿಗೆ ಕೇಳಿದಳು. ನಾನು ಹೌದು ಎಂದೆ. ಬೇರೆ ಏನು ಹೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಅಪ್ಪ ನಿಮ್ಮ ಬಗ್ಗೆ ಇವತ್ತಿನವರೆಗೆ ಒಂದು ಕೆಟ್ಟ ಮಾತು ಆಡಿಲ್ಲ. ಆಡಿದ್ದರೆ ನಮಗೆ ಹಗುರಾಗುತ್ತಿತ್ತೇನೋ.

ನನ್ನ ಪ್ರಾಣಿಯನ್ನು ತಿದ್ದಲು ಬರಬೇಡಿ. ತಿದ್ದುವ ಕೆಲಸ ಹೇಗೂ ಶುರುವಾಗಿದೆ. ತಾಮ್ರಿ ಸಿಗುವುದೇ ಇಲ್ಲವೆಂದು ಆಟಗಾರರು ಗಲಾಟೆ ಮಾಡುತ್ತಿದ್ದಾರೆ. ನಮ್ಮ ಮುಖ್ಯಸ್ಥ ಪೃಥ್ವಿರಾಜ್ ಮೀಟಿಂಗಿನಲ್ಲಿ, "ಅದನ್ನು ಹಿಡಿಯೋಕೆ ಒಂದು ದಾರಿ ಬೇಕು, ನೀನೇ ಯೋಚಿಸು" ಎಂದರು. ಅಲ್ಲೇ ಕೂತಲ್ಲೇ ಹೇಳಿದೆ: ಬಿಟ್ಟುಹೋದ ಮರಿಯನ್ನು ಮರಕ್ಕೆ ಕಟ್ಟಬೇಕು. ಮರಿ ಅಳುತ್ತದೆ. ಅಳು ಕೇಳಿ ತಾಮ್ರಿ ವಾಪಸ್ ಬರುತ್ತದೆ. ಆಗ ಬಲೆ ಹಾಕಬಹುದು. ಎಲ್ಲರೂ ಮೇಜು ತಟ್ಟಿದರು. ಪಕ್ಕದಲ್ಲಿ ಕೂತಿದ್ದ ರಕ್ಷಿತಾಗೆ ಕಣ್ಣಲ್ಲಿ ನೀರು ಬಂತು.

ಆಟ ಆದ್ದರಿಂದ ಅಲ್ಲಿ ತಾಯಿ ವಾಪಸ್ ಬರುತ್ತಾಳೆ.

ಅಪೇಕ್ಷಾ


ದೌಂಡ
೧೦ ನವೆಂಬರ್ ೨೦೨೪

ಅಪೇಕ್ಷಾ,

ದೀಪಾವಳಿ ಮುಗಿಯಲಿ ಎಂದು ಕಾದೆ. ಹಬ್ಬದ ದಿನ ಇಂಥ ಪತ್ರ ನಿನ್ನ ಕೈಗೆ ಬೀಳುವುದು ಬೇಡವಾಗಿತ್ತು.

ಅಳು ಕೇಳಿ ಬರುತ್ತದೆ ಎಂದು ಬರೆದಿದ್ದಿ. ದೌಂಡಿಗೆ ಬಂದ ಮೊದಲ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ನಿನ್ನ ಅಳು ಕೇಳಲಿಲ್ಲ. ಸುಹಾಸನದೂ ಇಲ್ಲ. ಎದ್ದಾಗ ಬಿಸಿಲು ಬಂದಿತ್ತು. ಮದುವೆಯಾದ ಮೇಲೆ ಬಿಸಿಲು ಬರುವವರೆಗೆ ಮಲಗಿದ್ದು ಅದೇ ಮೊದಲು. ಇದನ್ನು ನಿನಗೆ ಹೇಳಬಾರದು, ಗೊತ್ತು. ಆದರೆ ನೀನು ಊರಿನ ಮಕ್ಕಳಿಗೆಲ್ಲ ಒಂದು ಸುಳ್ಳು ಹೇಳಲು ಹೊರಟಿದ್ದಿ, ಅದಕ್ಕೆ ಹೇಳಿದೆ. ಅಳು ಆಮೇಲೆ ಕೇಳಿತು. ಎಷ್ಟೋ ಆಮೇಲೆ. ಹಿಟ್ಟು ನಾದುವಾಗ, ರೈಲು ಕೂಗುವಾಗ. ಆಗ ನೀನು ಅಳುವುದನ್ನು ನಿಲ್ಲಿಸಿ ದೊಡ್ಡವಳಾಗಿದ್ದಿ.

ಶಾಲೆಯ ಗೇಟಿನ ವಿಷಯ ಇನ್ನೊಮ್ಮೆ ಬರೆಯುವುದಿಲ್ಲ. ನೀನು ನಂಬುವುದಿಲ್ಲ, ನಾನು ಬಿಡುವುದಿಲ್ಲ.

ನಿನ್ನಲ್ಲಿ ನಾನು ಕ್ಷಮೆ ಕೇಳುತ್ತೇನೆ ಎಂದು ಸಿದ್ದಲಿಂಗಪ್ಪನವರು ಕಾಯುತ್ತಿದ್ದಾರೆ. ಪತ್ರ ಅಂಟಿಸುವ ಮೊದಲು ಪ್ರತಿ ಸಲ, "ಅದೊಂದು ಮಾತು ಬರದೇನ?" ಎನ್ನುತ್ತಾರೆ. ಬರೆಯಲಿಲ್ಲ. ಬರೆದರೆ ಅದು ನಿನಗೆ ಮೋಸ ಮಾಡಿದ ಹಾಗೆ. ಆ ದಿನ ಇನ್ನೊಮ್ಮೆ ಬಂದರೆ ನಾನು ಇನ್ನೊಮ್ಮೆ ಹೋಗುತ್ತೇನೆ.

ಅವರ ಎದೆಯ ತಪಾಸಣೆಗೆ ಜನವರಿಯಲ್ಲಿ ಪುಣೆಗೆ ಬರುವುದಿದೆ. ಸಂಕ್ರಾಂತಿಯ ಮರುದಿನ, ಮಧ್ಯಾಹ್ನ ಊಟದ ಹೊತ್ತಿಗೆ, ನಿನ್ನ ಆಫೀಸಿನ ಗೇಟಿನ ಹತ್ತಿರ ನಿಂತಿರುತ್ತೇನೆ. ನೀನು ಬರಬೇಕೆಂದಿಲ್ಲ. ಬಾರದಿದ್ದರೆ ತಿರುಗಿ ಹೋಗುತ್ತೇನೆ, ಅಷ್ಟೆ.

ಅಮ್ಮ


ದೌಂಡ
೧೯ ಜನವರಿ ೨೦೨೫

ಅಪೇಕ್ಷಾ,

ಬಾ ಎಂದಾಗಲಿ ಬೇಡ ಎಂದಾಗಲಿ ನೀನು ಬರೆಯಲಿಲ್ಲ. ಆದ್ದರಿಂದ ಬಂದೆ.

ಸಿದ್ದಲಿಂಗಪ್ಪನವರನ್ನು ಆಸ್ಪತ್ರೆಯ ಬೆಂಚಿನಲ್ಲಿ ಕೂರಿಸಿ ಯೆರವಡಾಕ್ಕೆ ರಿಕ್ಷಾ ಮಾಡಿದೆ. ನಿಮ್ಮ ಕಟ್ಟಡದ ಎದುರಿಗೆ ನಿಂತರೆ ಕುತ್ತಿಗೆ ನೋಯುತ್ತದೆ, ಅಷ್ಟು ಎತ್ತರ. ಕಾವಲಿನವನು ಪಾಸ್ ಇಲ್ಲದೆ ಬಿಡುವುದಿಲ್ಲ ಎಂದ. ಊಟದ ಹೊತ್ತಿಗೆ ಗುಂಪು ಗುಂಪಾಗಿ ಹುಡುಗ ಹುಡುಗಿಯರು ಹೊರಗೆ ಬಂದರು, ಎಲ್ಲರ ಕತ್ತಿಗೂ ಒಂದೇ ಥರದ ಪಟ್ಟಿ. ಯಾರನ್ನು ಕೇಳುವುದೆಂದು ತಿಳಿಯಲಿಲ್ಲ. ಒಬ್ಬಳು ತಾನಾಗಿ ನನ್ನ ಹತ್ತಿರ ಬಂದು ನಿಂತಳು. ಅವಳನ್ನೇ ಮರಾಠಿಯಲ್ಲಿ ನಿನ್ನ ಬಗ್ಗೆ ಕೇಳಿದೆ. ನೀನು ರಜೆಯಲ್ಲಿದ್ದಿ ಎಂದಳು. ನನ್ನ ಮುಖ ಬಾಡಿತೋ ಏನೋ, ಓಡಿಹೋಗಿ ನೀರಿನ ಬಾಟಲಿ ತಂದುಕೊಟ್ಟಳು. ರಿಕ್ಷಾ ನಿಲ್ಲಿಸಿ ಆಸ್ಪತ್ರೆಯ ದಾರಿಯನ್ನೂ ಡ್ರೈವರನಿಗೆ ಹೇಳಿದಳು. ಒಳ್ಳೆಯ ಹುಡುಗಿ. ಎಳ್ಳುಂಡೆಯ ಡಬ್ಬಿಯನ್ನು ಅವಳ ಕೈಯಲ್ಲೇ ಕೊಟ್ಟಿದ್ದೇನೆ, ನಿನಗೆ ತಲುಪಿಸಲು. ಸಿಕ್ಕಿತೇ?

ನೀನು ಬೇಕೆಂದೇ ರಜೆ ಹಾಕಿದ್ದಿ ಎಂದು ನನಗೆ ಗೊತ್ತು. ಸಿಟ್ಟಿಲ್ಲ.

ಡಾಕ್ಟರು ಅವರಿಗೆ ಗುಳಿಗೆ ಬದಲಿಸಿದ್ದಾರೆ. ಮೆಟ್ಟಿಲು ಹತ್ತಬಾರದಂತೆ.

ಅಮ್ಮ


ಪುಣೆ
೯ ಫೆಬ್ರುವರಿ ೨೦೨೫

ಅಮ್ಮ,

ಡಬ್ಬಿ ಸಿಕ್ಕಿತು. ಆ ಹುಡುಗಿ ನಾನು.

ಇದನ್ನು ಬರೆಯದೆ ಇರಬಹುದಿತ್ತು. ಎರಡು ವಾರ ಬರೆಯದೆ ಇದ್ದೆ.

ನಾನು ರಜೆ ಹಾಕಿರಲಿಲ್ಲ. ಬೆಳಗ್ಗೆಯಿಂದ ಮೂರನೆಯ ಮಹಡಿಯ ಕಿಟಕಿಗೆ ನಾಲ್ಕೈದು ಸಲ ಹೋಗಿ ಬಂದೆ. ಗೇಟಿನ ಹತ್ತಿರ ಕಂದು ಸೀರೆ ಉಟ್ಟು, ಚೀಲವನ್ನು ಎದೆಗೆ ಒತ್ತಿಕೊಂಡು ನೀನು ನಿಂತಿದ್ದೆ. ದೂರದಿಂದ ಕಿವಿ ಕಾಣುವುದಿಲ್ಲ. ಆದರೂ ನಿಂತ ರೀತಿಯಲ್ಲೇ ನಿನ್ನ ಗುರುತು ಹಿಡಿದೆ. ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಿ ನೀನು, ಅಡುಗೆಮನೆಯಲ್ಲಿ ನಿಲ್ಲುತ್ತಿದ್ದ ಹಾಗೆ. ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಬಂದೆ. ನಿನಗೆ ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಬಯ್ಯುತ್ತಿದ್ದೆನೋ, ಕಾಲಿಗೆ ಬೀಳುತ್ತಿದ್ದೆನೋ, ನನಗೆ ಗೊತ್ತಿಲ್ಲ. ನಿನ್ನ ಎದುರು ಬಂದು ನಿಂತೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ನೀನು ನನ್ನ ಮುಖವನ್ನೇ ನೋಡಿದೆ. ಅರೆಗಳಿಗೆಯಲ್ಲ, ಚೆನ್ನಾಗಿ ನೋಡಿದೆ. ನೋಡಿ, "ಅಪೇಕ್ಷಾ ಮ್ಯಾಡಮ್ ಆಹೇತ್ ಕಾ?" ಎಂದು ನನ್ನನ್ನೇ ಕೇಳಿದೆ.

ಇನ್ನೊಂದು ಗಳಿಗೆ ಕಾದೆ. ನೀನೂ ಕಾಯುತ್ತಿದ್ದೆ, ನನ್ನ ಉತ್ತರಕ್ಕೆ. "ನಾಹೀತ್. ಸುಟ್ಟೀವರ್ ಆಹೇತ್," ಎಂದೆ. ಇಲ್ಲ, ರಜೆಯಲ್ಲಿದ್ದಾರೆ. ನನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ, ವರ್ಷಗಳಿಂದ ಅಭ್ಯಾಸ ಮಾಡಿಟ್ಟುಕೊಂಡಂತೆ. ನೀರು ತಂದುಕೊಟ್ಟೆ. ನೀನು "ಬಾಳಾ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ" ಎಂದು ಮರಾಠಿಯಲ್ಲೇ ಹರಸಿ ನನ್ನ ಕೆನ್ನೆ ಮುಟ್ಟಿದೆ. ರಿಕ್ಷಾ ತಿರುಗುವವರೆಗೆ ಅಲ್ಲೇ ನಿಂತಿದ್ದೆ. ಆಮೇಲೆ ಮೇಲೆ ಹೋಗಿ ಕೆಲಸ ಮಾಡಿದೆ.

ಆ ವಾರ ಪೃಥ್ವಿರಾಜ್ ಹತ್ತಿರ ಹೋಗಿ, ಮರಿಯನ್ನು ಕಟ್ಟುವುದು ಬೇಡ, ಅದನ್ನು ತೆಗೆಯೋಣ ಎಂದೆ. "ಐಡಿಯಾ ನಿನ್ನದೇ ಅಲ್ವಾ?" ಎಂದರು. ತಾಮ್ರಿ ವಾಪಸ್ ಬರುವುದಿಲ್ಲ, ಬರುವ ಪ್ರಾಣಿ ಅಲ್ಲ ಅದು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಎಲ್ಲ ಸಿದ್ಧವಾಗಿದೆ, ಜಾಹೀರಾತೂ ಆಗಿದೆ ಎಂದರು. ತಾಮ್ರಿಯನ್ನು ರಕ್ಷಿತಾಗೆ ವಹಿಸಿ ನನಗೆ ಬೇರೆ ಕೆಲಸ ಕೊಟ್ಟಿದ್ದಾರೆ. ಈಗ ಹಾದಿಬದಿಯ ಆಮೆಗಳನ್ನು ಮಾಡುತ್ತಿದ್ದೇನೆ.

ಕೈಯಿಂದ ಬಿಡುವ ಮೊದಲು ಒಂದನ್ನು ಮಾತ್ರ ತಿದ್ದಿದೆ. ತಾಮ್ರಿ ಈಗ ಓಡುವುದಿಲ್ಲ. ಬಾಲ ಎತ್ತಿಕೊಂಡು, ಬೆನ್ನು ತಿರುಗಿಸಿ, ನಡೆದು ಹೋಗುತ್ತದೆ. ನೀನು ಹೇಳಿದ್ದು ಸರಿ ಇತ್ತು. ನೋಡಲು ಮೊದಲಿಗಿಂತ ಎಷ್ಟೋ ಚೆನ್ನಾಗಿದೆ. ಆಟಗಾರರು ಅದನ್ನು ಮೊದಲಿಗಿಂತ ಹೆಚ್ಚು ಬಯ್ಯುತ್ತಿದ್ದಾರೆ.

ನೀನು ಶಾಲೆಯ ಗೇಟಿಗೆ ಬಂದದ್ದು ನನಗೆ ಈಗಲೂ ನೆನಪಿಲ್ಲ. ಶನಿವಾರದ ಸ್ಪರ್ಧೆ ನೆನಪಿದೆ.

ಒಂದು ಮಾತು ಕೇಳುತ್ತೇನೆ, ನಿಜ ಬರೆ. ಆ ದಿನ ನಿನಗೆ ನಿಜವಾಗಿಯೂ ಗೊತ್ತಾಗಲಿಲ್ಲವೇ?

ಅಪೇಕ್ಷಾ


ದೌಂಡ
೧೬ ಮಾರ್ಚ್ ೨೦೨೫

ಅಪೇಕ್ಷಾ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಓದಿ ಸಿದ್ದಲಿಂಗಪ್ಪನವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ, "ಗೊತ್ತಿತ್ತು ಅಂತ ಬರಿ. ಗೊತ್ತಿದ್ದೂ, ನಿನಗ ಮನಸಿಲ್ಲಂತ ತಿಳದು ಸುಮ್ಮಕ ಹೋದೆ ಅಂತ ಬರಿ. ಆಕಿಗೆ ಸಮಾಧಾನ ಆಗ್ತದ. ನಿನಗೂ," ಎಂದರು.

ಹಾಗೆ ಬರೆಯಲು ಕೂತೆ. ಒಂದು ಹಾಳೆ ತುಂಬ ಬರೆದೆ ಕೂಡ. ಓದಿದರೆ ನನಗೇ ಅಳು ಬರುವಷ್ಟು ಚೆನ್ನಾಗಿತ್ತು. ಹರಿದು ಒಲೆಗೆ ಹಾಕಿದೆ.

ನನಗೆ ಗೊತ್ತಾಗಲಿಲ್ಲ, ಅಪೇಕ್ಷಾ.

ನನ್ನ ಕಣ್ಣು ಚೆನ್ನಾಗಿದೆ. ಬಿಸಿಲೂ ಇತ್ತು. ಇಪ್ಪತ್ತೆರಡು ವರ್ಷದ ನೆಪವನ್ನೂ ಹೇಳುವುದಿಲ್ಲ. ಅಷ್ಟು ವರ್ಷ ಕಳೆದದ್ದು ನಿನಗೂ ಕಳೆದದ್ದೇ, ನೀನು ಮಹಡಿಯ ಮೇಲಿನಿಂದಲೇ ಗುರುತು ಹಿಡಿದೆ. ದಾರಿಯುದ್ದಕ್ಕೂ ರಿಕ್ಷಾದಲ್ಲಿ ಅಂದುಕೊಂಡು ಬಂದಿದ್ದೆ, ಸಾವಿರ ಜನರ ನಡುವೆ ನಿಂತಿದ್ದರೂ ನನ್ನ ಮಗಳನ್ನು ಗುರುತು ಹಿಡಿಯುತ್ತೇನೆ ಎಂದು.

ನಿನ್ನ ಪತ್ರ ಓದಿದ ಮೇಲೆ ಆ ಹುಡುಗಿಯ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡುತ್ತಿದ್ದೇನೆ. ಕತ್ತಿನ ಪಟ್ಟಿ ನೀಲಿ. ಬಾಟಲಿಯ ಮುಚ್ಚಳವನ್ನು ಅವಳೇ ತೆಗೆದುಕೊಟ್ಟಳು. ಕೆನ್ನೆ ತಣ್ಣಗಿತ್ತು. ಮುಖ ಬರುವುದಿಲ್ಲ. ರೊಟ್ಟಿ ತಟ್ಟುತ್ತ ಕೂತಾಗ ಬಂದಂತಾಗುತ್ತದೆ, ಹಿಡಿಯಲು ಹೋದರೆ ಒಂಬತ್ತು ವರ್ಷದ ನೀನು ಅಡ್ಡ ಬಂದು ನಿಲ್ಲುತ್ತಿ.

ಫೋಟೋ ಕಳಿಸಬೇಡ. ಫೋಟೋ ನೋಡಿ ಗುರುತು ಹಿಡಿಯುವುದು ಪೊಲೀಸರ ಕೆಲಸ.

ತಾಮ್ರಿ ಭೀಮುವಿಗೆ ಸಿಕ್ಕಿತು. ಹೋದ ವಾರ ಉಣ್ಣುವುದನ್ನು ಬಿಟ್ಟು ಎದ್ದು ಬಂದು ತೋರಿಸಿದ. ಮರಿಯನ್ನು ಕಟ್ಟಿದ, ಮರಿ ಅತ್ತಿತು, ಅದು ಬಂತು. ಮೆಸ್ಸಿನಲ್ಲಿ ಕೂತಿದ್ದ ಇನ್ನಿಬ್ಬರ ಹತ್ತಿರವೂ ಈಗ ಅದು ಇದೆಯಂತೆ. "ನಿಮ್ಮದರಾಗೂ ಹಿಡಿದುಕೊಡ್ಲೇನ್ರಿ ಅಕ್ಕಾರ?" ಎಂದ. ಬೇಡ ಎಂದೆ. ನನ್ನ ಮೊಬೈಲಿನಿಂದ ಆಟವನ್ನು ತೆಗೆಸಿದೆ.

ಬಿಟ್ಟುಹೋದದ್ದಕ್ಕೆ ನಾನು ಕ್ಷಮೆ ಕೇಳಿಲ್ಲ, ಈಗಲೂ ಕೇಳುವುದಿಲ್ಲ. ಗುರುತು ಸಿಗದೆ ಹೋದದ್ದಕ್ಕೆ ಕೇಳಬೇಕು ಎನಿಸುತ್ತದೆ. ಅದಕ್ಕೆ ಏನೆಂದು ಕೇಳುವುದು, ಯಾವ ಮಾತಿನಲ್ಲಿ ಕೇಳುವುದು, ನನಗೆ ತಿಳಿಯದು.

ಸೋಲಾಪುರದ ಗಾಡಿ ಬಂತು. ಊಟಕ್ಕೆ ಜನ ಬರುತ್ತಾರೆ, ಏಳುತ್ತೇನೆ.

ಪಂಕಜಾಕ್ಷಿ